ಸುಳ್ಳು ಉದ್ಯೋಗಕ್ಕೆ ನಮ್ಮ ಸಹಿ ಇಲ್ಲ



ಕಳೆದ ಎರಡು ತಿಂಗಳಿಂದ ನಮ್ಮ ಕೂಟದ ಮೇಲೆ ಒಂದು ದೂರು ಊರೆಲ್ಲ ಸುತ್ತಿ, ಕಟ್ಟಕಡೆಗೆ ನಮ್ಮ ಕಿವಿಗೂ ಬಿದ್ದಿದೆ. "ಕೂಟದವರು ಒಬ್ಬ ಬಡ ಹುಡುಗನ ಅನ್ನಕ್ಕೆ ಮಣ್ಣು ಹಾಕಿದರು" ಎಂಬುದೇ ಆ ದೂರು. ಬೆನ್ನ ಹಿಂದೆ ನಡೆಯುವ ಮಾತಿಗೆ ಬೆನ್ನ ಹಿಂದೆಯೇ ಉತ್ತರ ಕೊಡುವ ಅಭ್ಯಾಸ ನಮಗಿಲ್ಲ. ಆದುದರಿಂದ ನಡೆದುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ, ನಮ್ಮ ನಿಲುವನ್ನೂ ಹೇಳುತ್ತೇವೆ.

ಹುಡುಗ ನಮ್ಮವನೇ. ಇಲ್ಲಿ, ನಮ್ಮ ಸಹೋದರರೊಬ್ಬರ ಹೋಟೆಲಿನ ಅಡಿಗೆ ಕೋಣೆಯಲ್ಲಿ ಎರಡು ವರ್ಷ ದುಡಿದ. ಆ ಮೇಲೆ ಗಲ್ಫಿಗೆ ಹೋಗಿ ಆರು ವರ್ಷ ಅದೇ ಕೆಲಸ ಮಾಡಿದ. ಈಗ ಹಿಂದೆ ಬಂದು ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದು ಹೊರಟಿದ್ದಾನೆ. ಹೋಗಬಾರದೆಂದು ಹೇಳಲು ನಾವು ಯಾರು? ಕಾಸರಗೋಡು ಸೀಮೆಯಲ್ಲಿ ಸಮುದ್ರದಾಚೆಯ ದುಡಿಮೆಯಿಂದ ಎದ್ದ ಮನೆಗಳನ್ನು ಎಣಿಸುತ್ತಾ ಹೋದರೆ ಸಂಜೆಯಾದೀತು. ತಕರಾರು ಹೋಗುವುದರ ಬಗ್ಗೆ ಅಲ್ಲ. ಪೇಟೆಯ ಕನ್ಸಲ್ಟೆಂಟ್ ಒಬ್ಬರು ಇವನ ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ "ಕೆಫೆ ಅಥವಾ ರೆಸ್ಟೋರೆಂಟ್ ಮ್ಯಾನೇಜರ್" ಎಂದು ಬರೆಯಬೇಕೆಂದು ತೀರ್ಮಾನಿಸಿದರು. ಅದಕ್ಕೆ ಬೇಕಾದ ಪತ್ರವನ್ನು ತಾವೇ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಹೋಟೆಲು ಧಣಿಯ ಸಹಿ ಮೊಹರುಗಳಿಗೆ ಮಾತ್ರ ಜಾಗ ಬಿಟ್ಟು ಕಳುಹಿಸಿದರು. ಆ ಪತ್ರದ ಪ್ರಕಾರ ಹುಡುಗ ಎರಡು ವರ್ಷ ಹೋಟೆಲಿನ ಲೆಕ್ಕಪತ್ರ ನೋಡಿದ್ದಾನೆ, ಸಿಬ್ಬಂದಿಯನ್ನು ನೇಮಿಸಿದ್ದಾನೆ, ಗಿರಾಕಿಗಳ ದೂರು ವಿಚಾರಿಸಿದ್ದಾನೆ. ನಿಜದಲ್ಲಿ ಅವನು ಅರೆದ, ರುಬ್ಬಿದ, ದೋಸೆ ಹುಯ್ದ. ನಮ್ಮ ಸಹೋದರರು ಕಾಗದ ಹಿಡಿದುಕೊಂಡು ಕೂಟಕ್ಕೆ ಬಂದರು. ನಾವೆಲ್ಲ ಓದಿದೆವು. ಸಹಿ ಹಾಕಬೇಡಿ ಎಂದೆವು. ಅವರು ಹಾಕಲಿಲ್ಲ. ನಡೆದದ್ದು ಇಷ್ಟೇ.

"ಎಂತದ್ದು ಮಾರಾಯ್ರೆ, ಒಂದು ಸಹಿ ಅಷ್ಟೇ ಅಲ್ವಾ? ನಿಮ್ಮ ಗಂಟು ಎಂತ ಹೋಗ್ತದೆ?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಅವರ ಮೇಲೆ ನಮಗೆ ಗೌರವವಿದೆ. ಅವರ ಪ್ರಶ್ನೆಗೇ ಇದು ಉತ್ತರ.

ಮೊದಲು ಈ ಉದ್ಯೋಗದ ಹೆಸರೆಂದರೆ ಏನೆಂದು ತಿಳಿಯಬೇಕು. ಕುಶಲ ಕೆಲಸಗಾರರ ವೀಸಾಕ್ಕೆ ಆಸ್ಟ್ರೇಲಿಯಾದವರು ಕೇಳುವುದು ಬರೇ ವಯಸ್ಸು, ಓದು, ಇಂಗ್ಲಿಷು ಮಾತ್ರವಲ್ಲ; ನಿನ್ನ ಉದ್ಯೋಗ ಯಾವುದೆಂದು ಒಂದೇ ಹೆಸರನ್ನು ಆರಿಸಿ ಹೇಳು ಎನ್ನುತ್ತಾರೆ. ಅದಕ್ಕಾಗಿ ಅವರಲ್ಲಿ ಒಂದು ದೊಡ್ಡ ಗ್ರಂಥವೇ ಇದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಅಂಕಿಅಂಶ ಇಲಾಖೆಗಳು ಕೂಡಿ 2006ರಲ್ಲಿ ಹೊರತಂದ ಆ ವರ್ಗೀಕರಣಕ್ಕೆ ಆನ್ಜ್‌ಸ್ಕೋ ಎಂದು ಹೆಸರು. ಪ್ರತಿ ಉದ್ಯೋಗಕ್ಕೂ ಅದರಲ್ಲಿ ಆರು ಅಂಕೆಯ ಒಂದು ಸಂಖ್ಯೆ, ಆ ಕೆಲಸದವನು ಏನೇನು ಮಾಡುತ್ತಾನೆಂಬ ವಿವರ, ಒಂದರಿಂದ ಐದರ ವರೆಗೆ ಕೌಶಲದ ಮಟ್ಟ. ನೀವು ಹೇಳಿದ ಉದ್ಯೋಗ ನಿಮಗೆ ನಿಜವಾಗಿಯೂ ಬರುತ್ತದೆಯೇ ಎಂದು ಆ ಉದ್ಯೋಗಕ್ಕೆಂದೇ ನೇಮಿಸಿದ ಸಂಸ್ಥೆ ಪರೀಕ್ಷಿಸಿ ಒಪ್ಪಬೇಕು. ಅಡಿಗೆಯವರಿಗೆ, ಬೆಸುಗೆಯವರಿಗೆ, ಎಲೆಕ್ಟ್ರಿಷಿಯನ್ನರಿಗೆ ಆ ಸಂಸ್ಥೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ. ಮ್ಯಾನೇಜರ್ ಮುಂತಾದವರಿಗೆ ವೆಟಸೆಸ್ ಎಂಬ ಬೇರೆ ಸಂಸ್ಥೆ. ಅದಾದ ಮೇಲೆ ಪಾಯಿಂಟುಗಳ ಲೆಕ್ಕ. ಕನಿಷ್ಠ 65 ಪಾಯಿಂಟು ಬೇಕು. ಹೊರದೇಶದ ಅನುಭವ ಐದು ವರ್ಷ ದಾಟಿದರೆ 10, ಎಂಟು ತುಂಬಿದರೆ 15. ಹುಡುಗನ ಗಲ್ಫಿನ ಆರಕ್ಕೆ ನಮ್ಮ ಹೋಟೆಲಿನ ಎರಡು ಕೂಡಿಸಿದರೆ ಸರಿಯಾಗಿ ಎಂಟು. ಆ ಪತ್ರದ ಹಿಂದಿನ ಗಣಿತ ನಿಮಗೀಗ ತಿಳಿಯಿತಲ್ಲ!

ಅಡಿಗೆಯವನ ಮಾತನ್ನೇ ಇನ್ನಷ್ಟು ನೋಡೋಣ. ನಮ್ಮ ಬಾಯಲ್ಲಿ ಎಲ್ಲರೂ "ಅಡಿಗೆಯವರು" ಅಥವಾ "ಭಟ್ರು". ಆ ಗ್ರಂಥದಲ್ಲಿ ಅವರು ಮೂರು ಜಾತಿ. ಷೆಫ್ ಎಂದರೆ 351311, ಎರಡನೇ ಮಟ್ಟ: ಏನು ಅಡಿಗೆ, ಎಷ್ಟು ಸಾಮಾನು, ಯಾರು ಯಾವ ಕೆಲಸ ಎಂದು ಯೋಜಿಸಿ ಅಡಿಗೆ ಕೋಣೆ ನಡೆಸುವವನು. ಕುಕ್ ಎಂದರೆ 351411, ಮೂರನೇ ಮಟ್ಟ: ಹೋಟೆಲಿನಲ್ಲಿ ಅಡಿಗೆ ಸಿದ್ಧಮಾಡಿ, ಹದ ನೋಡಿ, ಬೇಯಿಸುವವನು. ಫಾಸ್ಟ್ ಫುಡ್ ಕುಕ್ ಎಂಬವನು ಬೇರೆ, ಅವನಿಗೆ ಐದನೇ ಮಟ್ಟ. ಕೆಫೆ ಅಥವಾ ರೆಸ್ಟೋರೆಂಟ್ ಮ್ಯಾನೇಜರಂತೂ ಬೇರೆಯೇ ಕುಲ, 141111. ಒಲೆಯ ಮುಂದೆ ನಿಂತವನೂ ಗಲ್ಲೆಯ ಮುಂದೆ ಕುಳಿತವನೂ ಒಂದೇ ಎಂದು ಬರೆದರೆ ನಂಬಲು ಆ ಗ್ರಂಥ ಬರೆದವರು ಮೂರ್ಖರಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಪಟ್ಟಿಯನ್ನು ನೋಡಿ ಆರಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಸ್ವತಂತ್ರ ವೀಸಾಕ್ಕೆ ಒಂದು ಪಟ್ಟಿ, ರಾಜ್ಯಗಳು ಕರೆಸುವ ವೀಸಾಕ್ಕೆ ಅದಕ್ಕಿಂತ ಉದ್ದದ ಪಟ್ಟಿ, ಮಾಲಿಕ ಕರೆಸುವ ವೀಸಾಕ್ಕೆ ಮತ್ತೊಂದು. 2024ರ ಡಿಸೆಂಬರ್ 7ರಂದು ಬಂದ ಆ ಮೂರನೆಯ ಪಟ್ಟಿಯಲ್ಲಿ 456 ಉದ್ಯೋಗಗಳಿದ್ದವು. ಒಬ್ಬನ ಕೆಲಸ ನಿಜವಾಗಿಯೇ ಎರಡು ಸಂಖ್ಯೆಗಳ ನಡುವೆ ಇರಬಹುದು. ನಮ್ಮ ಕಬ್ಬಿಣದ ಕೆಲಸದ ತಮ್ಮಂದಿರಲ್ಲಿ ಕೆಲವರು ತಗಡಿನ ಮೇಲೆ ಗುರುತು ಹಾಕಿ, ಕತ್ತರಿಸಿ, ಬಗ್ಗಿಸಿ, ಜೋಡಿಸುತ್ತಾರೆ. ಕೊನೆಯಲ್ಲಿ ಬೆಸುಗೆಯನ್ನೂ ಹಾಕುತ್ತಾರೆ. ಅವರು ಮೆಟಲ್ ಫ್ಯಾಬ್ರಿಕೇಟರ್ 322311 ಎಂದೂ ಬರೆಯಬಹುದು, ವೆಲ್ಡರ್ 322313 ಎಂದೂ ಬರೆಯಬಹುದು. ದಿನದ ಹೆಚ್ಚು ಹೊತ್ತು ಯಾವುದರಲ್ಲಿ ಕಳೆಯುತ್ತದೆ ಎಂದು ನೋಡಿ, ಎರಡೂ ನ್ಯಾಯವಾಗಿದ್ದರೆ ಬಾಗಿಲು ತೆರೆದಿರುವ ಕಡೆ ಹೋಗುವುದು ಜಾಣತನ, ಮೋಸವಲ್ಲ. ಆದರೆ ಬಾಗಿಲು ಎಲ್ಲಿದೆ ಎಂದು ಮೊದಲು ನೋಡಿ ಆಮೇಲೆ ಕೈಯ ಕಸುಬನ್ನೇ ಬದಲಾಯಿಸಿ ಬರೆಯುವುದಿದೆಯಲ್ಲ, ನಾವು ಜಗಳಕ್ಕೆ ನಿಂತಿರುವುದು ಅದರ ಮೇಲೆ.

"ಎಲ್ಲರೂ ಮಾಡುತ್ತಾರೆ" ಎನ್ನುತ್ತೀರಿ. ಮಾಡಿದವರ ಕತೆ ಕೇಳಿ. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಆಸ್ಟ್ರೇಲಿಯಾದಲ್ಲಿ "ಬೇಡಿಕೆಯ ಉದ್ಯೋಗಗಳ ಪಟ್ಟಿ" ಎಂಬುದೊಂದಿತ್ತು. ಅದರಲ್ಲಿ ಹೆಸರಿದ್ದ ಉದ್ಯೋಗಕ್ಕೆ 15 ಪಾಯಿಂಟು ಹೆಚ್ಚಿಗೆ, ಕೆಲಸದ ಆಫರ್ ಕೈಯಲ್ಲಿದ್ದರೆ 20. ಅಡಿಗೆ, ಕೇಶಾಲಂಕಾರಗಳು ಅದರಲ್ಲಿ ಬಂದವು. ಕೂಡಲೇ ಮೆಲ್ಬೋರ್ನ್, ಸಿಡ್ನಿಗಳಲ್ಲಿ ಅವನ್ನು ಕಲಿಸುವ ಖಾಸಗಿ ಕಾಲೇಜುಗಳು ನಾಯಿಕೊಡೆಗಳಂತೆ ಎದ್ದವು. ಜನ್ಮದಲ್ಲಿ ಒಲೆ ಹೊತ್ತಿಸದ ನಮ್ಮ ದೇಶದ ಸಾವಿರಾರು ಹುಡುಗರು, ಕಾಮರ್ಸ್ ಓದಿದವರು, ವಿಜ್ಞಾನ ಓದಿದವರು, ಹೊಲ ಮಾರಿ ಸಾಲ ಮಾಡಿ ಹೋಗಿ ಅಡಿಗೆಯ ಕೋರ್ಸಿಗೆ ಸೇರಿದರು. ಕೌಶಲದ ಪರೀಕ್ಷೆಗೆ 900 ಗಂಟೆಗಳ ಕೆಲಸದ ಅನುಭವ ತೋರಿಸಬೇಕಿತ್ತು. ಆ 900 ಗಂಟೆಗಳ ಪತ್ರವೂ ಮಾರಾಟದ ಸರಕಾಯಿತು. ದುಡ್ಡು ಕೊಟ್ಟರೆ ಸಾಕು, ಕಾಲಿಡದ ಅಂಗಡಿಯಲ್ಲಿ ನೀವು 900 ಗಂಟೆ ದುಡಿದಿರಿ ಎಂದು ಸಹಿ ಮಾಡಿಕೊಡುವವರು ಹುಟ್ಟಿಕೊಂಡರು.

ಮುಂದೇನಾಯಿತು? 2010ರ ಫೆಬ್ರವರಿ 8ರಂದು ವಲಸೆ ಸಚಿವ ಕ್ರಿಸ್ ಎವನ್ಸ್ ಒಂದೇ ಪ್ರಕಟಣೆಯಿಂದ ಆ ಪಟ್ಟಿಯನ್ನೇ ರದ್ದು ಮಾಡಿದರು. 2007ರ ಸೆಪ್ಟೆಂಬರಿಗೆ ಮೊದಲು ಹೊರದೇಶಗಳಿಂದ ಅರ್ಜಿ ಹಾಕಿ ಕಾಯುತ್ತಿದ್ದ ಸುಮಾರು 20,000 ಜನರಿಗೆ ಶುಲ್ಕ ಹಿಂದೆ ಕೊಟ್ಟು ಅರ್ಜಿ ಮುಗಿಯಿತೆಂದರು. ಆ ಜುಲೈ 1ಕ್ಕೆ ಬಂದ ಹೊಸ ಪಟ್ಟಿಯಲ್ಲಿ ಉಳಿದದ್ದು 181 ಉದ್ಯೋಗಗಳು. ಮುಂಚೆ 400ಕ್ಕೂ ಹೆಚ್ಚು ಇದ್ದವು. ಅಡಿಗೆಯವರೂ ಇಲ್ಲ, ಕೇಶಾಲಂಕಾರದವರೂ ಇಲ್ಲ. ಸುಳ್ಳು ಪತ್ರ ಕೊಂಡವರು ಸಿಕ್ಕಿಬಿದ್ದದ್ದು ಅದಕ್ಕೂ ತಡವಾಗಿ, ವರ್ಷಗಳ ನಂತರ, ಪತ್ರ ಮಾರಿದವನ ಕಡತಗಳು ಅಧಿಕಾರಿಗಳ ಕೈಗೆ ಹೋದಾಗ. 2014ರಲ್ಲಿ ಷೆಫ್ ಎಂಬ ಹೆಸರು ಪಟ್ಟಿಗೆ ಮತ್ತೆ ಬಂತು ಎಂಬುದು ತಮಾಷೆ. ನಿಜವಾಗಿ ಅಡಿಗೆ ಬಲ್ಲವನಿಗೆ ಅದು ಉಪಕಾರವಾಯಿತು. ಪಟ್ಟಿ ನೋಡಿ ಅಡಿಗೆಯವನಾದವನು ಅಷ್ಟರಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಇಂಗ್ಲೆಂಡಿನಲ್ಲೂ ಮೊನ್ನೆ ಇದೇ ಆಯಿತು: ವೃದ್ಧರ ಆರೈಕೆ ಕೆಲಸದವರಿಗೆ 2022ರ ಫೆಬ್ರವರಿಯಲ್ಲಿ ಬಾಗಿಲು ತೆರೆದರು, 2025ರ ಜುಲೈ 22ರಂದು ಹೊರದೇಶದಿಂದ ಕರೆಸುವುದನ್ನು ಮುಚ್ಚಿದರು.

ಇನ್ನು ಕಾನೂನು. ಅರ್ಜಿಯಲ್ಲಿ ಸುಳ್ಳು ಮಾಹಿತಿ ಅಥವಾ ನಕಲಿ ದಾಖಲೆ ಇದ್ದರೆ ವೀಸಾ ಇಲ್ಲ. ಮತ್ತೆ ಮೂರು ವರ್ಷ ಅರ್ಜಿ ಹಾಕಿದರೂ ಸಿಗುವುದಿಲ್ಲ. ಆ ಸುಳ್ಳನ್ನು ವೀಸಾ ಅಧಿಕಾರಿಗೇ ಹೇಳಿರಬೇಕೆಂದಿಲ್ಲ, ಕೌಶಲ ಪರೀಕ್ಷಿಸುವ ಸಂಸ್ಥೆಗೆ ಕೊಟ್ಟಿದ್ದರೂ ಸಾಕು. ಅರ್ಜಿಯಲ್ಲಿ ಹೆಂಡತಿ ಮಕ್ಕಳ ಹೆಸರಿದ್ದರೆ ಅವರಿಗೂ ಅದೇ ಗತಿ. "ನಾನಲ್ಲ, ಏಜೆಂಟ್ ಬರೆದದ್ದು" ಎಂದು ಕೈ ತೊಳೆದುಕೊಳ್ಳುವಂತಿಲ್ಲ. ನಿಮ್ಮ ಪರವಾಗಿ ಬೇರೆಯವರು ತುಂಬಿದ ಅರ್ಜಿಯೂ ನೀವೇ ತುಂಬಿದಂತೆ ಎಂದು ಅವರ 1958ರ ವಲಸೆ ಕಾಯಿದೆ ಹೇಳುತ್ತದೆ. ಸುಳ್ಳು ಯಾರದ್ದೋ ಉದ್ದೇಶಪೂರ್ವಕ ಸುಳ್ಳಾಗಿರಬೇಕು, ಆದರೆ ಅದು ಅರ್ಜಿದಾರನದ್ದೇ ಆಗಬೇಕೆಂದಿಲ್ಲ ಎಂದು 2014ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ತೀರ್ಪು ಕೊಟ್ಟಿದೆ. ವೀಸಾ ಸಿಕ್ಕಿದ ಮೇಲೆ ಗೊತ್ತಾದರೆ ಆಗಲೂ ರದ್ದು ಮಾಡಬಹುದು. ಕೆನಡಾದಲ್ಲಿ ಈ ಬಹಿಷ್ಕಾರ ಐದು ವರ್ಷ.

ಈಗ ಹೇಳಿ ಹಿರಿಯರೇ, ಆ ಸಹಿಯಿಂದ ಯಾರ ಗಂಟು ಹೋಗುತ್ತಿತ್ತು? ಕನ್ಸಲ್ಟೆಂಟರ ಫೀಸು ಮೊದಲೇ ಅವರ ಪೆಟ್ಟಿಗೆ ಸೇರಿರುತ್ತದೆ. ಸರಕಾರಕ್ಕೆ ಕಟ್ಟುವ 4,000 ಡಾಲರಿಗೂ ಮೇಲ್ಪಟ್ಟ ವೀಸಾ ಶುಲ್ಕ ಹುಡುಗನದು, ಅಡವಿಟ್ಟ ಚಿನ್ನ ಅವನ ತಾಯಿಯದು.

ಆದರೆ ಸಿಕ್ಕಿಬೀಳುವ ಭಯಕ್ಕಾಗಿ ಮಾತ್ರ ನಾವು ಬೇಡವೆಂದೆವು ಎಂದು ತಿಳಿಯಬೇಡಿ. ನಾವು ದುಡಿಯುವವರ ಕೂಟ. ಸಿಕ್ಕಿಬೀಳದೆ ಒಳಗೆ ಹೋದವನ ಪಾಡೇನೆಂದೂ ಕೇಳಬೇಕು. ಮಾಲಿಕ ಕರೆಸುವ ವೀಸಾದಲ್ಲಿ ಹೋದವನು ಹೆಸರಿಸಿದ ಉದ್ಯೋಗವನ್ನೇ ಮಾಡಬೇಕೆಂಬುದು ವೀಸಾದ ಷರತ್ತು. ಹಾಗೆಂದ ಮೇಲೆ ಆ ಹೆಸರಿನ ಕೆಲಸ ಕೊಡುವುದು, ಆ ಕೆಲಸಕ್ಕೆ ಅಲ್ಲಿಯವರಿಗೆ ಸಿಗುವಷ್ಟೇ ಸಂಬಳ ಕೊಡುವುದು ಮಾಲಿಕನ ಹೊಣೆ. 2025ರ ಜುಲೈ 1ರಿಂದ ಅಂಥ ಕೋರ್ ಸ್ಕಿಲ್ಸ್ ವೀಸಾಕ್ಕೆ ವರ್ಷಕ್ಕೆ 76,515 ಡಾಲರಿಗಿಂತ ಕಡಮೆ ಸಂಬಳ ಒಪ್ಪುವಂತಿರಲಿಲ್ಲ; ಆ ಕೆಲಸದ ಪೇಟೆ ಸಂಬಳ ಹೆಚ್ಚಿದ್ದರೆ ಅದನ್ನೇ ಕೊಡಬೇಕು. ಅಂದರೆ ಉದ್ಯೋಗದ ಹೆಸರು ಕೆಲಸಗಾರನ ಕೈಯಲ್ಲಿರುವ ಒಂದು ಆಯುಧ. ಷೆಫ್ ಎಂದು ಕರೆಸಿ ಈರುಳ್ಳಿ ಸುಲಿಸಿದರೆ ಅವನು ದೂರು ಕೊಡಬಹುದು. 2024ರ ಜುಲೈ 1ರಿಂದ ವೀಸಾದ ಹೆದರಿಕೆ ಹಾಕಿ ದುಡಿಸಿಕೊಳ್ಳುವುದು ಅಲ್ಲಿ ಅಪರಾಧ. ಮಾಲಿಕನನ್ನು ಬಿಟ್ಟರೆ ಇನ್ನೊಬ್ಬ ಮಾಲಿಕನನ್ನು ಹುಡುಕಲು ಒಮ್ಮೆಗೆ 180 ದಿನಗಳ ವರೆಗೆ ಅವಕಾಶವನ್ನೂ ಅದೇ ದಿನದಿಂದ ಕೊಟ್ಟಿದ್ದಾರೆ. ಒಳ್ಳೆಯ ಕಾನೂನು. ಸುಳ್ಳು ಹೆಸರಿನಲ್ಲಿ ಹೋದವನು ಇದರಲ್ಲಿ ಯಾವುದನ್ನು ಬಳಸಿಯಾನು? ದೂರು ಕೊಡಲು ಹೋದರೆ ಮೊದಲು ತೆಗೆಯುವುದು ಅವನದೇ ಕಡತ. ಅವನ ಗುಟ್ಟು ಬಲ್ಲ ಮಾಲಿಕ ಹತ್ತು ಗಂಟೆ ಎಂದರೆ ಹತ್ತು, ಹದಿನಾಲ್ಕು ಎಂದರೆ ಹದಿನಾಲ್ಕು. ಇಲ್ಲಿ ನಾವು ಪ್ರೀತಿಯಿಂದ ಹಾಕುವ ಸಹಿ ಅಲ್ಲಿ ಆ ಧಣಿಯ ಕೈಯಲ್ಲಿ ಮೂಗುದಾರವಾಗುತ್ತದೆ.

ಇನ್ನೊಂದು ತೊಡಕು ಗಲ್ಫಿನಿಂದ ಬಂದವರಿಗೆಲ್ಲ ಗೊತ್ತಿರುವಂಥದು. ಅಲ್ಲಿ ಕೈ ಮಾಡುವುದೊಂದು, ಕಾರ್ಡು ಹೇಳುವುದೊಂದು. ಹತ್ತು ವರ್ಷ ಬೆಸುಗೆ ಹಾಕಿದವನ ಲೇಬರ್ ಕಾರ್ಡಿನಲ್ಲಿ "ಹೆಲ್ಪರ್" ಎಂದಿರುತ್ತದೆ; ಅಂಗಡಿಯ ಲೆಕ್ಕ ಬರೆದವನ ಇಕಾಮಾದಲ್ಲಿ "ಕೂಲಿಯಾಳು" ಎಂದಿರುತ್ತದೆ. ಕಫೀಲನಿಗೆ ಯಾವ ವೀಸಾ ಸಿಕ್ಕಿತೋ ಅದರಲ್ಲಿ ಇವನನ್ನು ತುಂಬಿಸಿರುತ್ತಾರೆ. ನಮ್ಮ ಈ ಹುಡುಗನ ಕಾರ್ಡಿನಲ್ಲೂ "ಕಿಚನ್ ಹೆಲ್ಪರ್" ಎಂದೇ ಇದೆ. ಅವನು ಅತ್ತು ಹೇಳಿದ: "ಒಂದು ಕಾಗದ ನನ್ನನ್ನು ಇದ್ದದ್ದಕ್ಕಿಂತ ಸಣ್ಣವನು ಮಾಡಿದೆ, ಇನ್ನೊಂದು ಕಾಗದ ದೊಡ್ಡವನು ಮಾಡಿದರೆ ತಪ್ಪೇನು?" ಈ ಮಾತಿಗೆ ನಮ್ಮಲ್ಲಿ ಕೆಲವರು ಆ ದಿನ ತಲೆ ತಗ್ಗಿಸಿ ಕುಳಿತದ್ದು ನಿಜ. ಅನ್ಯಾಯವೇ ಹೌದು. ಆದರೂ ಅದಕ್ಕೆ ಮದ್ದು ಮ್ಯಾನೇಜರ್ ಎಂಬ ಎರಡನೆಯ ಸುಳ್ಳಲ್ಲ. ಕಾರ್ಡಿನಲ್ಲಿ ಹೀಗಿದೆ, ನಿಜವಾಗಿ ಮಾಡಿದ್ದು ಹೀಗೆ ಎಂದು ಬಚ್ಚಿಡದೆ ಬರೆದು, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಕೆಲಸದ ಸ್ಥಳದ ಫೋಟೋ, ಜತೆಗೆ ದುಡಿದ ಮೇಲಿನವರ ಪತ್ರ, ಇವನ್ನು ಲಗತ್ತಿಸುವ ದಾರಿಯಿದೆ. ಅನೇಕ ಕಸುಬುಗಳಲ್ಲಿ ನಮ್ಮ ದೇಶದವರು ಪರೀಕ್ಷಕರ ಎದುರು ಉತ್ತರ ಹೇಳಿ, ಕೈಯಲ್ಲಿ ಮಾಡಿ ತೋರಿಸಬೇಕಾದದ್ದೂ ಇದೆ. ಕೆಲಸ ಬಲ್ಲವನು ಅದಕ್ಕೆ ಹೆದರಬೇಕಾದ್ದಿಲ್ಲ. ಹೆದರಬೇಕಾದವನು ಏಜೆಂಟ್ ಟೈಪು ಮಾಡಿಸಿದ ಉದ್ಯೋಗ ಹೊತ್ತುಕೊಂಡು ಹೋದವನು.

ಇದನ್ನೆಲ್ಲ ಬರೆಯುವಾಗ ಒಂದು ಬೆರಳು ನಮ್ಮ ಮನೆಗಳ ಕಡೆಗೂ ತಿರುಗುತ್ತದೆ. ಕನ್ಸಲ್ಟೆಂಟರು ಮ್ಯಾನೇಜರ್ ಎಂಬ ಶಬ್ದ ಮಾರುತ್ತಾರೆ, ನಿಜ. ಕೊಳ್ಳುವವರು ಯಾರು? ಹುಡುಗನಿಗೆ ಹೆಣ್ಣು ಕೇಳಲು ಹೋದಾಗ "ಅಲ್ಲಿ ಎಂತ ಕೆಲಸ?" ಎಂದರೆ "ಹೋಟೆಲ್ ಲೈನಿನಲ್ಲಿ" ಎಂದು ಗಂಟಲಲ್ಲೇ ನುಂಗಿದವರು ನಾವು. ವೆಲ್ಡರನನ್ನು "ಇಂಜಿನಿಯರಿಂಗ್ ಕಂಪೆನಿಯಲ್ಲಿದ್ದಾನೆ" ಎಂದವರು ನಾವು. ಎಂಟು ವರ್ಷ ಬೆಂಕಿಯ ಮುಂದೆ ನಿಂತು ತಂಗಿಯ ಮದುವೆ ಮಾಡಿಸಿದ ಹುಡುಗ ತನ್ನ ಕೆಲಸದ ಹೆಸರು ಹೇಳಲು ನಾಚುವಂತೆ ಮಾಡಿದ್ದು ಆಸ್ಟ್ರೇಲಿಯಾದವರಲ್ಲ. ಪಟ್ಟಿಗಳು ಬರುವ ಮೊದಲೇ ನಮ್ಮ ಮನಸ್ಸಿನಲ್ಲಿ ಒಂದು ಪಟ್ಟಿ ಇತ್ತು, ಅದರಲ್ಲಿ ಕೈಯ ಕೆಲಸ ಎಲ್ಲಕ್ಕಿಂತ ಕೆಳಗೆ.

ಹಾಗೆಂದು ಅವರ ಪಟ್ಟಿಗೆ ನಾವು ನಮಸ್ಕಾರ ಹಾಕುತ್ತಿಲ್ಲ. 1901ರ ಕಾನೂನಿನಿಂದ ಬಿಳಿಯರಲ್ಲದವರನ್ನು ಹೊರಗಿಟ್ಟು, ಬಂದವನಿಗೆ ಯುರೋಪಿನ ಯಾವುದಾದರೂ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಬರೆಸುತ್ತಿದ್ದ ದೇಶ ಅದು. ಆ ಉಕ್ತಲೇಖನ ಹೋದದ್ದು 1958ರಲ್ಲಿ, ಬಣ್ಣ ನೋಡುವ ನೀತಿ ಪೂರ್ತಿ ಹೋದದ್ದು 1973ರಲ್ಲಿ. ಈಗಿನ ಪಟ್ಟಿ ಅದರಂತಲ್ಲ, ಒಪ್ಪುತ್ತೇವೆ. ಆದರೂ ಅದು ಮನುಷ್ಯನ ಯೋಗ್ಯತೆಯ ಪಟ್ಟಿಯಲ್ಲ, ಅವರ ಕೊರತೆಯ ಪಟ್ಟಿ. ಐವತ್ತು ಅಡಿಯ ಅಡಿಕೆ ಮರಕ್ಕೆ ಮಳೆಗಾಲದಲ್ಲಿ ಹತ್ತಿ ಮದ್ದು ಬಿಡುವವನ ಕುಶಲತೆಗೆ, ಕಣ್ಣು ಮುಚ್ಚಿಯೂ ಬೀಡಿ ಕಟ್ಟುವ ತಾಯಂದಿರ ಬೆರಳಿಗೆ ಅಲ್ಲಿ ಪಾಯಿಂಟಿಲ್ಲ. ಅದರಿಂದ ಅವರು ಅಕುಶಲರಾಗಲಿಲ್ಲ. ಪಟ್ಟಿಯಲ್ಲಿ ನಮ್ಮ ಕಸುಬು ಇಲ್ಲವಾದರೆ ಇಲ್ಲ. ನಾಳೆ ಬರಲೂಬಹುದು, ಬಾರದಿರಲೂಬಹುದು.

ಹುಡುಗನ ಸಂಗತಿಗೆ ಮರಳುತ್ತೇವೆ. ಮೊದಲೆರಡು ವಾರ ಅವನು ನಮ್ಮ ಮುಖ ನೋಡಲಿಲ್ಲ. ಮೂರನೆಯ ವಾರ ತಾನಾಗಿ ಬಂದ. ನಾವು ಗ್ರಂಥವನ್ನೂ ಪಟ್ಟಿಯನ್ನೂ ಬದಿಗಿಟ್ಟು, "ಬೆಳಿಗ್ಗೆ ಎದ್ದಲ್ಲಿಂದ ನಿನ್ನ ಕೆಲಸ ಹೇಳು" ಎಂದೆವು. ಅವನು ಕನ್ನಡದಲ್ಲಿ ಹೇಳಿದ, ನಮ್ಮಲ್ಲೊಬ್ಬರು ಬರೆದುಕೊಂಡರು. ಎರಡು ಗಂಟೆ ಹಿಡಿಯಿತು. ಮೊದಲ ಮೂರು ವರ್ಷ ಹಿಟ್ಟು, ಮಸಾಲೆ, ಒಲೆ. ಕೊನೆಯ ಮೂರು ವರ್ಷಗಳಲ್ಲಿ ವಾರದ ಅಡಿಗೆಯ ಪಟ್ಟಿ ಬರೆದದ್ದು, ಮೀನು ತರಕಾರಿಗೆ ಆರ್ಡರ್ ಕೊಟ್ಟದ್ದು, ನಾಲ್ವರು ಹೊಸಬರಿಗೆ ಕೆಲಸ ಕಲಿಸಿದ್ದು ಎಲ್ಲ ಅವನೇ. ಇದನ್ನು ಅವನು ಕನ್ಸಲ್ಟೆಂಟರಿಗೆ ಹೇಳಿಯೇ ಇರಲಿಲ್ಲ, ಅವರೂ ಕೇಳಿರಲಿಲ್ಲ. ಒಟ್ಟಿನಲ್ಲಿ ಅವನು ಕುಕ್ ಎಂಬುದರಲ್ಲಿ ಸಂಶಯವಿಲ್ಲ. ಆ ಕೊನೆಯ ವರ್ಷಗಳನ್ನು ಷೆಫ್ ಎಂದು ಒಪ್ಪುತ್ತಾರೋ ಇಲ್ಲವೋ ಪರೀಕ್ಷಿಸುವವರು ಹೇಳಬೇಕು. ನಮ್ಮ ಸಹೋದರರು ಹೋಟೆಲಿನ ಕಾಗದದಲ್ಲಿ ಹೊಸ ಪತ್ರ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಅದರಲ್ಲಿ ಮ್ಯಾನೇಜರ್ ಎಂಬ ಶಬ್ದವಿಲ್ಲ, ದೋಸೆಕಲ್ಲು ಎಂಬ ಶಬ್ದವಿದೆ. ಗಲ್ಫಿನ ಮಾಲಿಕರ ಪತ್ರ ಇನ್ನೂ ಬಂದಿಲ್ಲ. ಎರಡು ಸಲ ಬರೆದಾಯಿತು.

ಇಂಥ ಅರ್ಜಿ ಹಾಕಬೇಕೆಂದಿರುವ ತಮ್ಮಂದಿರು ತಂಗಿಯರು ಶನಿವಾರ ಸಂಜೆ ಕೂಟದ ಕೋಣೆಗೆ ಬರಬಹುದು. ಬರುವಾಗ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಳೆಯ ಕಾರ್ಡುಗಳು ಇದ್ದಷ್ಟನ್ನು ತನ್ನಿ. ಏಜೆಂಟರು ಆಸ್ಟ್ರೇಲಿಯಾದಲ್ಲಿ ನೋಂದಣಿಯಾದವರೆಂದು ಹೇಳಿಕೊಂಡಿದ್ದರೆ ಅವರ ನೋಂದಣಿ ಸಂಖ್ಯೆ ಕೇಳಿ ಬರೆದು ತನ್ನಿ. ಆ ಪಟ್ಟಿ ಎಲ್ಲರೂ ನೋಡಬಹುದಾದದ್ದು, ಅಲ್ಲೇ ಹುಡುಕಿ ನೋಡೋಣ. ನಿಮ್ಮ ಕೆಲಸ ಏನೆಂದು ನೀವು ಕನ್ನಡದಲ್ಲಿ, ತುಳುವಿನಲ್ಲಿ, ಮಲೆಯಾಳದಲ್ಲಿ ಹೇಗೆ ಹೇಳಿದರೂ ಬರೆದುಕೊಳ್ಳುವವರಿದ್ದಾರೆ. ಸಹಿಗೆ ಮಾತ್ರ ಜಾಗ ಬಿಟ್ಟ ಕಾಗದಗಳನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.